ಎದುರು ಮನೆಗೆ ಮುಖ ಮಾಡಿದ ಉಬ್ಬುಗನ್ನಡಿ

ಕೆಲವರಿಗೆ ಸೀರೆಯ ಹುಚ್ಚು, ಕೆಲವರಿಗೆ ಸ್ಟೀಲ್ ಪಾತ್ರೆಯ ಹುಚ್ಚು. ಇವೆರಡನ್ನೂ ಲೋಕ ಕ್ಷಮಿಸುತ್ತದೆ. ನನಗಿರುವುದು ಹಳೆಯ ಉಬ್ಬುಗನ್ನಡಿಗಳ ಹುಚ್ಚು. ಇದನ್ನು ನನ್ನ ತವರಿನವರೂ ಕ್ಷಮಿಸಿಲ್ಲ. ಉಬ್ಬುಗನ್ನಡಿ ಎಂದರೆ ಹೊಟ್ಟೆ ಮುಂದೆ ಬಂದ ದುಂಡು ಕನ್ನಡಿ. ಎದುರಿಗೆ ನಿಂತರೆ ಮೊದಲು ಮೂಗು ಬರುತ್ತದೆ, ಉಳಿದ ಮುಖ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಆದರೆ ಕಿಟಕಿ, ಫ್ಯಾನು, ಸೋಫಾದ ಮೇಲೆ ಮಲಗಿರುವ ಗಂಡ, ಹೀಗೆ ಇಡೀ ಕೋಣೆ ಅದರೊಳಗೆ ಅಚ್ಚುಕಟ್ಟಾಗಿ ಹಿಡಿಸುತ್ತದೆ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ವರ್ಷಾ ವರ್ಷಾ ಪೀನ ದರ್ಪಣದ, ಅಂದರೆ ಇದೇ ಉಬ್ಬುಗನ್ನಡಿಯ, ಪಾಠ ಮಾಡುವವಳು ನಾನು. ಕೋಲಾರದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದೊಂದು ಕಂಡಾಗ, ಬೋರ್ಡಿನ ಮೇಲೆ ಬರೆದ ಚಿತ್ರವೇ ಇಳಿದು ಬಂದಂತಾಗಿ ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಸಾಬರು ಗಿರಾಕಿ ನಿಂತ ರೀತಿಯಲ್ಲೇ ಅವರ ದೌರ್ಬಲ್ಯ ಕಂಡುಹಿಡಿಯುವವರು. "ದೊರೆಗಳ ಬಂಗ್ಲೇದು ಮೇಡಂ. ಬಟ್ಲರ್ ಬಾಗ್ಲ ಹತ್ರ ನಿಂತ್ಕೊಂಡೇ ಯಾರ ಗ್ಲಾಸು ಖಾಲಿ ಅಂತ ಇದ್ರಲ್ಲಿ ನೋಡ್ತಿದ್ದ" ಎಂದರು. ನಮ್ಮ ಮನೆಗೆ ಬಟ್ಲರೂ ನಾನೇ ಆದ್ದರಿಂದ ಮರುಮಾತಿಲ್ಲದೆ ಕೊಂಡುಕೊಂಡೆ.

ಅಲ್ಲಿಗೆ ನಿಂತಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಹಿತ್ತಾಳೆ ಅಂಚಿನದು, ಕಪ್ಪು ಚೌಕಟ್ಟಿನದು, ಮೂಲೆಯಲ್ಲಿ ಹಿಂಬದಿಯ ರಸ ಹೋಗಿ ಚುಕ್ಕಿ ಚುಕ್ಕಿಯಾದದ್ದು ಎಂದು ಬರುತ್ತಾ ಬರುತ್ತಾ ನಡುಮನೆಯ ಗೋಡೆ ತುಂಬಿತು. "ಇಷ್ಟೊಂದು ಕನ್ನಡಿ ಇರೋ ಮನೇಲಿ ನೆಟ್ಟಗೆ ಕ್ರಾಪು ತೆಗೆಯೋಕೆ ಒಂದೂ ಇಲ್ವಲ್ಲೇ" ಎಂದು ನಮ್ಮ ಯಜಮಾನರು ಗೊಣಗುತ್ತಾ ಸ್ಕೂಟರಿನ ಕನ್ನಡಿಯ ಮುಂದೆ ಬಗ್ಗಿ ತಲೆ ಬಾಚುತ್ತಿದ್ದರು. ಕೊನೆಗೆ ಮರದ ಕೆತ್ತನೆಯ, ಪರಾತದಷ್ಟು ದೊಡ್ಡ ಕನ್ನಡಿಯೊಂದು ಬಂದಾಗ, "ಇದನ್ನ ಒಳಗೆ ಹಾಕಿದ್ರೆ ನಾನು ಹೊರಗೆ ಹೋಗ್ತೀನಿ, ನೋಡು" ಎಂದರು. ಹಾಗಾಗಿ ಅದನ್ನು ವರಾಂಡದ ಗೋಡೆಗೆ, ಬೀದಿಗೆ ಮುಖ ಮಾಡಿ ತೂಗುಹಾಕಿದೆ. ಆ ದಿಕ್ಕಿನಲ್ಲಿ ಗೆಳತಿ ರತ್ನಮ್ಮನ ಮನೆ ಇದೆ ಎಂಬುದು ನನ್ನ ವಿಜ್ಞಾನದ ತಲೆಗೆ ಹೊಳೆಯಲೇ ಇಲ್ಲ.

ರತ್ನಮ್ಮ ಆಂಧ್ರದ ಗಡಿಯ ಬೈರಕೂರಿನ ಹೆಣ್ಣು. ಮಾತು ಕನ್ನಡದಲ್ಲಿ ಶುರುವಾಗಿ, ಸಿಟ್ಟು ಬಂದರೆ ತೆಲುಗಿನಲ್ಲಿ ಮುಗಿಯುತ್ತದೆ. ಚಳಿಗಾಲ ಬಂತೆಂದರೆ ನಾವಿಬ್ಬರೂ ನಮ್ಮ ವರಾಂಡದಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂರುವುದು ಪದ್ಧತಿ. ಸಿಪ್ಪೆ ಬಿಡಿಸಿ ಬೇಳೆ ಹಾರಿಸಲು ಒಬ್ಬರ ಕೈ ಸಾಕು. ಆದರೆ ಆ ಕೆಲಸ ಸಾಗಬೇಕಾದರೆ ಎರಡು ಬಾಯಿ ಬೇಕು. ಆ ವರ್ಷ ರತ್ನಮ್ಮ ಬರಲಿಲ್ಲ. ಗೇಟಿನ ಹತ್ತಿರ ಹೋಗಿ ಕರೆದರೆ ಮುಖ ಊದಿಸಿಕೊಂಡು, "ನಮ್ದು ಅಷ್ಟು ಕೆಟ್ಟ ದಿಷ್ಟೀನಾ ಅಕ್ಕಾ? ಅದು ನಿಮ್ಮನೆಗೆ ತಾಗಬಾರ್ದು ಅಂತ ನಮ್ಮನೆಗೇ ವಾಪಸ್ ಹೊಡೀತಿದೀರಾ? ನೀವು ಆ ಕನ್ನಡಿ ಹಾಕಿದ್ದೇ ಹಾಕಿದ್ದು, ನಮ್ಮ ಬೋರಿನ ಮೋಟ್ರು ಸುಟ್ಟೋಯ್ತು, ಎಮ್ಮೆ ಒದೆಯೋಕೆ ಶುರು ಮಾಡ್ತು" ಎಂದಳು.

ನಾನು ಮೇಡಂ ಅಲ್ಲವೇ, ವಿವರಿಸಲು ಹೊರಟೆ. "ದಿಷ್ಟಿಗಲ್ಲ ರತ್ನಮ್ಮ, ಅಲಂಕಾರಕ್ಕೆ. ಹಿಂದೆ ದೊರೆಗಳ ಮನೇಲಿ ಬಟ್ಲರುಗಳು ಯಾರು ಏನು ಮಾಡ್ತಿದಾರೆ ಅಂತ ಇದ್ರಲ್ಲೇ ಕದ್ದು ನೋಡ್ತಿದ್ರು." ರತ್ನಮ್ಮನ ಕಣ್ಣು ಇನ್ನೂ ದೊಡ್ಡದಾಯಿತು. "ಓಹೋ! ಹಂಗಾದ್ರೆ ನಮ್ಮನೇನ ಕದ್ದು ನೋಡೋಕೇ ಹಾಕಿದೀರಾ!" ಎಂದು ಬಾಗಿಲು ಹಾಕಿಕೊಂಡಳು. "ಸುಮ್ನೆ ಅದನ್ನ ತೆಗೆದುಬಿಡೇ" ಎಂದರು ಯಜಮಾನರು. ತೆಗೆದರೆ ತಪ್ಪು ಒಪ್ಪಿಕೊಂಡಂತಾಗುತ್ತದಲ್ಲ! ತೆಗೆಯಲಿಲ್ಲ.

ಮರುವಾರ ರತ್ನಮ್ಮನ ಗೋಡೆಯ ಮೇಲೂ ಉಬ್ಬುಗನ್ನಡಿ ಬಂತು. ನಂಗಲಿಯ ಗುಜರಿಯಿಂದ ತರಿಸಿದ್ದ ಲಾರಿಯ ಕನ್ನಡಿ, ಕಬ್ಬಿಣದ ಸರಳಿನ ಸಮೇತ, ನೇರವಾಗಿ ನಮ್ಮ ಕಡೆಗೆ. ಈಗ ತೊಂದರೆ ಬೀದಿಯವರದಾಯಿತು. ನಮ್ಮ ಕನ್ನಡಿಯಿಂದ ಹೊರಟ ದೃಷ್ಟಿ ಅವಳ ಕನ್ನಡಿಗೆ ಬಡಿದು, ಓರೆಯಾಗಿ ತಮ್ಮ ಮನೆಗೆ ನುಗ್ಗುತ್ತದೆ ಎಂದು ಮೂಲೆಮನೆಯ ಮುನಿಸ್ವಾಮಪ್ಪನವರು ಲೆಕ್ಕ ಹಾಕಿ, ತಾವೂ ಒಂದು ಹಾಕಿಕೊಂಡರು. ಅವರ ಪಕ್ಕದವರು ಸುಮ್ಮನಿರುತ್ತಾರೆಯೇ? ಗುಜರಿಯವನು ಕನ್ನಡಿಗಳನ್ನು ತಳ್ಳುಗಾಡಿಗೇ ತುಂಬಿಕೊಂಡು "ದಿಷ್ಟಿ ಅದ್ದಂ! ದಿಷ್ಟಿ ಅದ್ದಂ!" ಎಂದು ದೃಷ್ಟಿಗನ್ನಡಿಯನ್ನು ತೆಲುಗಿನಲ್ಲಿ ಕೂಗುತ್ತಾ ಬಂದ. ಇಷ್ಟಕ್ಕೆಲ್ಲ ಮೂಲವಾದ ನಾನು ನಾಚಿಕೆ ಬಿಟ್ಟು, ಅದರಲ್ಲಿ ಹಳೆಯದೇನಾದರೂ ಇರಬಹುದೇ ಎಂದು ಗಾಡಿಯನ್ನೆಲ್ಲ ಕೆದಕಿ ನೋಡಿದೆ. ಇರಲಿಲ್ಲ.

ಹುಡುಗಾಟ ಹಾಗಿರಲಿ, ಆ ಚಳಿಗಾಲ ನನಗೆ ನಿಜಕ್ಕೂ ಬೇಸರವಾಗಿತ್ತು. ಒಬ್ಬಳೇ ಹಿತುಕಿದ ಬೇಳೆಯ ಸಾರಿಗೆ ರುಚಿಯೇ ಹತ್ತಲಿಲ್ಲ. ರತ್ನಮ್ಮನಿಲ್ಲದೆ ಸ್ಟಾಫ್ ರೂಮಿನ ಸುದ್ದಿಗಳೆಲ್ಲ ಹೊಟ್ಟೆಯೊಳಗೇ ಉಳಿದುಹೋದವು. ಹಟಕ್ಕೆ ಬೀದಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತು ಕಾಳು ಹಿತುಕುತ್ತಿದ್ದೆ. ಗೋಡೆಯ ಮೇಲೆ ಕನ್ನಡಿ ಇತ್ತಲ್ಲ, ಅದರಲ್ಲಿ ಎದುರು ಮನೆಯ ಜಗುಲಿಯ ಮೇಲೆ ರತ್ನಮ್ಮ ಬೆರಳುದ್ದ ಕಾಣುತ್ತಿದ್ದಳು. ಅವಳೂ ನನಗೆ ಬೆನ್ನು ಹಾಕಿಕೊಂಡು ಒಬ್ಬಳೇ ಹಿತುಕುತ್ತಿದ್ದಳು. ತಿರುಗಿ ಸಹ ನೋಡುವುದಿಲ್ಲವಲ್ಲ, ಎಂಥ ಕಲ್ಲು ಮನಸ್ಸು ಎಂದು ನಾನು ಅವಳನ್ನೇ ನೋಡುತ್ತಿದ್ದೆ.

ಒಂದು ಭಾನುವಾರ ಹೀಗೆ ಕೂತಿದ್ದಾಗ ಎದುರು ಮನೆಯಿಂದ ಕೂಗು ಬಂತು. "ಅಕ್ಕಾ! ಸಜ್ಜಾ ಮೇಲಿಂದ ಕೋತಿ ಇಳೀತಿದೆ! ತಟ್ಟೆ, ತಟ್ಟೆ!" ನಾನು ತಲೆ ಎತ್ತುವಷ್ಟರಲ್ಲಿ ಕೋತಿ ಬೊಗಸೆ ತುಂಬ ಬೇಳೆ ಬಾಚಿಕೊಂಡು ಕಾಂಪೌಂಡ್ ಹಾರಿತ್ತು. ನಾನು ತಿರುಗಿ ನೋಡಿದೆ. ರತ್ನಮ್ಮ ಇನ್ನೂ ನಮಗೆ ಬೆನ್ನು ಹಾಕಿಯೇ ಕೂತಿದ್ದಳು.

"ರತ್ನಮ್ಮ, ಆ ಕಡೆ ತಿರುಗಿ ಕೂತಿದೀಯಲ್ಲ, ಕೋತಿ ನಿನಗೆ ಹೆಂಗೆ ಕಾಣಿಸ್ತು?"

ಅವಳ ಭುಜ ಕುಲುಕತೊಡಗಿತು. "ಲಾರಿ ಕನ್ನಡೀಲಿ ದಿನಾ ಕಾಣ್ತೀರಾ ಅಕ್ಕಾ. ಪಾಪ, ಒಬ್ಬರೇ ಕೂತಿರ್ತೀರಾ" ಎಂದು ನಗುತ್ತಲೇ ಕಣ್ಣೊರೆಸಿಕೊಂಡು, ತನ್ನ ಕಾಳಿನ ಬೇಸಿನ್ ಎತ್ತಿಕೊಂಡು ಬೀದಿ ದಾಟಿ ಬಂದಳು. ಬಂದು ನನ್ನ ತಟ್ಟೆ ನೋಡಿ, "ಇದೇನು ಹಿತುಕಿದ್ದೀರೋ, ಅರ್ಧ ಸಿಪ್ಪೆನೇ ಇದೆ" ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಬೈಗುಳ ಕೂಡ ಹಿತವಾಗಿತ್ತು.

ಕನ್ನಡಿಗಳು ಎರಡೂ ಇದ್ದಲ್ಲೇ ಇವೆ. ದೃಷ್ಟಿಗಿಷ್ಟಿ ಎಲ್ಲ ಸುಳ್ಳು ಎಂದು ನಾನು ಅವಳಿಗೆ ಪತನ ಕೋನ, ಪ್ರತಿಫಲನ ಕೋನಗಳ ಸಮೇತ ಪಾಠ ಮಾಡಿದ್ದೇನೆ. ಹೋದ ತಿಂಗಳು ನಮ್ಮ ಹೊಸ ಫ್ರಿಜ್ ಇದ್ದಕ್ಕಿದ್ದಂತೆ ಕೆಟ್ಟಿತು. ರಿಪೇರಿಯವನು ವೋಲ್ಟೇಜು ಎಂದ, ಇರಬಹುದು. ಆದರೆ ಅವನು ಹೋದ ಮೇಲೆ ವರಾಂಡಕ್ಕೆ ಬಂದು ನೋಡಿದರೆ, ಮುನಿಸ್ವಾಮಪ್ಪನವರ ಕನ್ನಡಿ ಗಾಳಿಗೋ ಏನೋ, ಸ್ವಲ್ಪ ನಮ್ಮ ಕಡೆಗೆ ತಿರುಗಿದಂತಿತ್ತು. ನಾನು ಏನನ್ನೂ ನಂಬುವವಳಲ್ಲ. ಬರಿಯ ಬೆಳಕಿನ ದೃಷ್ಟಿಯಿಂದ ನಮ್ಮ ಕನ್ನಡಿಯನ್ನು ಕೊಂಚ ಸರಿಸೋಣ ಎಂದು ಸ್ಟೂಲ್ ಹತ್ತಿದೆ. ಸ್ಟೂಲನ್ನು ಹಿಡಿದುಕೊಂಡಿದ್ದ ರತ್ನಮ್ಮ ಮೂಲೆಮನೆಯ ಕಡೆ ಒಂದು ಕಣ್ಣು ಮುಚ್ಚಿ ಗುರಿ ನೋಡಿ, "ಇನ್ನೊಂಚೂರು ಎಡಕ್ಕೆ ಅಕ್ಕಾ" ಎಂದಳು.

ಎಡಕ್ಕೆ ತಿರುಗಿಸಿದೆ.