ಇಲಿಕೋಶಗಳ ಆಯುಧಪೂಜೆ

ಆಯುಧಪೂಜೆಯಲ್ಲಿ ಯಂತ್ರಗಳನ್ನು ದುಡಿಸಬಾರದು. ಇದು ಗೊತ್ತಿಲ್ಲದವರು ಹುಣಸೂರಿನಲ್ಲಿ ಯಾರೂ ಇಲ್ಲ. ಲ್ಯಾಬಿನ ವಾಚ್‌ಮನ್ ಅಂಕಯ್ಯನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಅನಾಹುತ ಶುರುವಾದದ್ದೇ ಅಲ್ಲಿಂದ.

ಹಬ್ಬದ ರಜೆ ಮುಗಿಸಿ ಹನಗೋಡಿನ ಬಸ್ಸಿಳಿದು ಬಂದ ಲ್ಯಾಬ್ ಸಹಾಯಕಿ ಪ್ರಮೀಳಾ, ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆಗೆದಳು. ಹೊರಗೆ ಮೂರು ಪಟ್ಟೆ ವಿಭೂತಿ, ಹಿಡಿಗೆ ಚೆಂಡುಹೂವು. ಒಳಗೆ ಕೈಯಿಟ್ಟರೆ ಆರಿದ ಚಹಾದ ಹಾಗೆ ಬಿಸುಪು ಇಳಿದಿತ್ತು. ಎಷ್ಟು ಡಿಗ್ರಿ ಇದೆಯೆಂದೂ ನೋಡದೆ ಗುಂಡಿಯನ್ನು ಮೂವತ್ತೇಳಕ್ಕೆ ತಿರುಗಿಸಿಬಿಟ್ಟಳು.

ಒಳಗಿದ್ದದ್ದು ಇಲಿಜಾತಿಯ ಪ್ರಾಣಿಯೊಂದರ ಜೀವಕೋಶಗಳು. ಬಾಟಲಿಯ ರಸದಲ್ಲಿ ಬೆಳೆದು, ರಕ್ತ ಕಡಿಮೆಯಾದ ರೋಗಿಗಳಿಗೆ ಬೇಕಾದ ಪ್ರೋಟೀನನ್ನು ಒಸರುತ್ತಿದ್ದವು. "ಮೂವತ್ತೇಳಕ್ಕಿಂತ ಒಂದು ಡಿಗ್ರಿ ಇಳಿದ್ರೂ ನೀನು ಊರು ಸೇರ್ಕೋ" ಎಂದು ಮುಖ್ಯಸ್ಥ ರುದ್ರಸ್ವಾಮಿ ಮೊದಲ ದಿನವೇ ಹೇಳಿದ್ದರು. ಊರಲ್ಲಿ ಅಪ್ಪ, ಕೆಲಸ ಹೋದ ಮರುದಿನವೇ ಪಿರಿಯಾಪಟ್ಟಣದ ಗಂಡಿಗೆ ಮಾತು ಕೊಡಲು ಕಾದು ಕೂತಿದ್ದ.

"ಅಂಕಣ್ಣ, ಇದನ್ನ ಯಾರು ಮುಟ್ಟಿದ್ದು?"

"ನಾನೇ ಕಣವ್ವ. ಹಬ್ಬದಾಗೆ ಎತ್ತಿಗೂ ನೊಗ ಕಟ್ಟಾಕಿಲ್ಲ, ಇದ್ಯಾವ ಪಾಪ ಮಾಡೈತೆ? ಪೂರಾ ಆಫ್ ಮಾಡುದ್ರೆ ಬೈತೀಯ ಅಂತ ಒಸಿ ಕಡ್ಮೆ ಮಾಡ್ದೆ."

ಕಸ ಗುಡಿಸುವ ಮಲ್ಲಾಜಮ್ಮ ಪೊರಕೆ ಊರಿ ನಿಂತಳು. "ಒಳ್ಗಿರದು ಇಲಿ ತಾನೆ? ನಮ್ಮ ಅಟ್ಟದ ಮ್ಯಾಲೆ ಮಾಗಿ ಚಳೀಲೂ ಮರಿ ಆಕ್ತವೆ, ಬುಡು. ನಿನ್ ಮೊಕ ನೋಡುದ್ರೆ ದಿಷ್ಟಿ ಆಗೈತೆ."

ಬೇಡವೆನ್ನುವಷ್ಟರಲ್ಲಿ ಉಪ್ಪು ಮೆಣಸಿನಕಾಯಿ ನಿವಾಳಿಸಿ, ಚಹಾ ಕಾಯಿಸುವ ಒಲೆಗೆ ಹಾಕಿಯೇಬಿಟ್ಟಳು. ಘಾಟಿಗೆ ಎಲ್ಲರೂ ಕೆಮ್ಮಿದರು. ಪಕ್ಕದ ಜೆರಾಕ್ಸ್ ಅಂಗಡಿಯ ಲಿಂಗರಾಜು ಓಡಿಬಂದ.

"ಏನ್ರೀ ಇದು?"

"ಇಲಿ ಸತ್ತೋಗವೆ ಅಂತ ಪಾಪ ಈ ಮಗ ಎದ್ರಕತಾದೆ," ಎಂದಳು ಮಲ್ಲಾಜಮ್ಮ.

ಇಲಿ ಸತ್ತಿವೆ, ಜನ ಕೆಮ್ಮುತ್ತಿದ್ದಾರೆ! ಲಿಂಗರಾಜುವಿಗೆ ಅಷ್ಟು ಸಾಕಾಯಿತು. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಪ್ಲೇಗು. ಮೂಗಿಗೆ ಟವೆಲ್ ಕಟ್ಟಿಕೊಂಡ ಜನ ಗೇಟಿಗೆ ಮುತ್ತಿಕೊಂಡರು. ಆ ಗುಂಪನ್ನು ಸೀಳಿಕೊಂಡು ರುದ್ರಸ್ವಾಮಿಯ ಜೀಪು ಬಂತು.

ಅವರು ಯಾರನ್ನೂ ಮಾತಾಡಿಸದೆ ಬಾಟಲಿಗಳನ್ನು ಎತ್ತಿಕೊಂಡು ಒಳಗೆ ಹೋಗಿ ಪರೀಕ್ಷೆಗೆ ಕೂತರು. ಪ್ರಮೀಳಾ ಹೊರಗೆ ಸ್ಟೂಲಿನ ತುದಿಯಲ್ಲಿ, ಕಟುಕನ ಅಂಗಡಿ ಮುಂದೆ ಕಟ್ಟಿದ ಕುರಿಯಂತೆ ಕೂತಳು. ಊಟದ ಡಬ್ಬಿ ಬಿಚ್ಚಲಿಲ್ಲ. ಪಿರಿಯಾಪಟ್ಟಣದ ಗಂಡಿನ ಮೀಸೆ ಕಣ್ಣೆದುರು ಬೆಳೆಯುತ್ತಲೇ ಹೋಯಿತು.

ಸಂಜೆ ಬಾಗಿಲು ದಢಾರನೆ ತೆರೆಯಿತು. "ಪ್ರಮೀಳಾ!"

ಅವಳು ಸ್ಟೂಲಿನಿಂದ ಎದ್ದು ನಿಂತಳು.

"ಪ್ರೋಟೀನು ದುಪ್ಪಟ್ಟು ಬಂದಿದೆ! ಏನಮ್ಮ ಮಾಡ್ದೆ?"

ಅವಳು ತಲೆ ತಗ್ಗಿಸಿದಳು. ರುದ್ರಸ್ವಾಮಿ ಅದನ್ನು ವಿನಯವೆಂದುಕೊಂಡರು.

"ಇರ್ಲಿ, ಮೇಲಿನವರಿಗೆ ಫೋನ್ ಮಾಡಿಬಿಟ್ಟಿದ್ದೀನಿ. ಮುಂದಿನ ವಾರ ಬರ್ತಾರೆ. ಅವರ ಮುಂದೆ ಇದೇ ಥರ ಇನ್ನೊಂದ್ಸಲ ಮಾಡಿ ತೋರಿಸು. ಬರಲಿಲ್ವೋ, ನಾನು ಸುಳ್ಳುಗಾರ ಆಗ್ತೀನಿ, ನೀನು ಊರು ಸೇರ್ತೀಯ."

ತಂಪಿಗೋ, ವಿಭೂತಿಗೋ, ಮೆಣಸಿನಕಾಯಿಗೋ? ವಿಜ್ಞಾನದ ಪದವೀಧರೆ, ಅಷ್ಟರಲ್ಲಿ ಗುಂಪು ಕರಗಿದ್ದ ಗೇಟಿಗೆ ಓಡಿದಳು.

"ಅಂಕಣ್ಣ, ಅವತ್ತು ಗುಂಡಿ ಎಷ್ಟಕ್ಕೆ ತಿರುಗಿಸಿದ್ರಿ? ಬೇಗ ಹೇಳಿ!"

"ನಂಬರು ಯಾರು ನೋಡುದ್ರವ್ವ? ತಾಯಿ ಚಾಮುಂಡೀನ ನೆನ್ಕೊಂಡು ಕಣ್ಮುಚ್ಚಿ ತಿರುಗಿಸ್ದೆ." ಅಂಕಯ್ಯ ಅವಳ ಮುಖ ನೋಡಿ ಮರುಗಿದ. "ಎದರ್ಬ್ಯಾಡ ಬುಡು, ಅದೇ ಕೈ ಐತೆ. ಬರೋ ವರ್ಸ ಆಯುಧಪೂಜೆ ಬರ್ಲಿ, ಅಂಗೇ ತಿರುಗಿಸಿಕೊಡ್ತೀನಿ."