ಮಾವನ ಆಫ್ ಸೀಸನ್ ದ್ವೀಪಯಾತ್ರೆ

ನನ್ನ ಸೋದರಮಾವನಷ್ಟು ಊರು ಸುತ್ತಿ, ಅವರಷ್ಟು ಕಡಿಮೆ ನೋಡಿದವರು ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವರ ಎದುರಿಗೇ ಹೇಳಿದ್ದೇನೆ. ಅವರು ಹೊಗಳಿಕೆ ಎಂದುಕೊಂಡರು.

ಕಾರಣ ಅವರ ಸಿದ್ಧಾಂತ. ಯಾವ ಜಾಗಕ್ಕೇ ಆಗಲಿ, ಸೀಸನ್ ಮುಗಿದ ಮೇಲೆಯೇ ಹೋಗಬೇಕು. ಜನ ಇರುವಾಗ ಹೋದರೆ ಕಾಣುವುದು ಜನರ ಬೆನ್ನು ಮಾತ್ರವಂತೆ. ತೊಂಬತ್ತರ ದಶಕದ ಕೊನೆಗೆ ಗಲ್ಫಿನ ಕೆಲಸ ಬಿಟ್ಟು ಬಂದವರೇ, ಏಪ್ರಿಲ್ ಬಿಸಿಲಿನಲ್ಲಿ ನನ್ನನ್ನು ಬೆಳ್ತಂಗಡಿ ಕಡೆಯ ಜಲಪಾತವೊಂದಕ್ಕೆ ಹತ್ತಿಸಿದರು. ಅಲ್ಲಿ ಜನ ಇರಲಿಲ್ಲ. ನೀರೂ ಇರಲಿಲ್ಲ. ಮಾವ ಸೊಂಟಕ್ಕೆ ಕೈಯಿಟ್ಟು ನಿಂತು, "ಬಂಡೆ ಎಷ್ಟು ಚಂದ ಕಾಣ್ತದೆ ನೋಡು. ನೀರಿದ್ರೆ ಇದು ಕಾಣ್ತಿತ್ತಾ?" ಎಂದರು.

ಆಮೇಲೆ ಅವರಿಗೆ ಕಾರವಾನ್ ಹುಚ್ಚು ಹಿಡಿಯಿತು. ಗಲ್ಫಿನಲ್ಲಿ ಬಿಳಿಯರು ಸಮುದ್ರದ ಬದಿಯಲ್ಲಿ ಚಕ್ರದ ಮೇಲಿನ ಮನೆ ನಿಲ್ಲಿಸಿ ಕಾಫಿ ಕುಡಿಯುವುದನ್ನು ಕಂಡಿದ್ದರಂತೆ. ಮೂಡುಬಿದಿರೆಯ ಬೇಕರಿಯೊಂದರ ಹಳೆಯ ಮೆಟಡೋರ್ ಕೊಂಡು, ಒಳಗೆ ಹಲಗೆಯ ಮಂಚ, ಗ್ಯಾಸ್ ಒಲೆ ಇಡಿಸಿ, ಅತ್ತೆಯ ಹಳೆ ಸೀರೆ ಹರಿದು ಕಿಟಕಿಗೆ ಪರದೆ ಕಟ್ಟಿದರು. ಎಷ್ಟು ಬಣ್ಣ ಬಳಿದರೂ ಮೈಮೇಲಿನ 'ಬನ್, ರಸ್ಕ್, ಖಾರಾ ಬಿಸ್ಕೆಟ್' ಎಂಬ ಅಕ್ಷರಗಳು ಮಾತ್ರ ಅಳಿಯಲಿಲ್ಲ. ಬಂಟ್ವಾಳಕ್ಕೆ ಬರುವ ದಾರಿಯುದ್ದಕ್ಕೂ ಅಂಗಡಿಯವರು ಕೈ ಅಡ್ಡ ಹಿಡಿದರು. ಒಬ್ಬನಂತೂ ಮೆತ್ತಗಾದ ರಸ್ಕನ್ನು ವಾಪಸ್ ಕೊಡಲು ಬಂದ.

ಒಂದು ದಿನ ಮಾವ, "ಇನ್ನು ಒಂದು ದ್ವೀಪ ಸುತ್ತುವ" ಎಂದರು.

"ಯಾವ ದ್ವೀಪ?" ಎಂದು ಅತ್ತೆ ಕೇಳಿದರು.

"ಫರಂಗಿಪೇಟೆ ಹತ್ತಿರದ್ದು."

ನೇತ್ರಾವತಿಯ ನಡುವೆ ಅಲ್ಲಲ್ಲಿ ನಡುಗಡ್ಡೆಗಳಿವೆ, ನಮ್ಮಲ್ಲಿ ಅವನ್ನು ಕುದ್ರು ಎನ್ನುತ್ತಾರೆ. ಮಾವ ಹೇಳಿದ ಕುದ್ರುವಿಗೆ ಬೇಸಿಗೆಯಲ್ಲಿ ಮರಳಿನ ಲಾರಿಯವರು ಹೊಳೆಗೆ ಕೆಂಪುಕಲ್ಲು ಸುರಿದು ದಾರಿ ಮಾಡುತ್ತಿದ್ದರು. ಮೇ ಕೊನೆಗೆ ಲಾರಿಗಳು ನಿಂತವು. ಮಾವನಿಗೆ ಬೇಕಾದದ್ದೇ ಅದು. ಅತ್ತೆ ಅಕ್ಕಿ, ಹಪ್ಪಳ, ಉಪ್ಪಿನಕಾಯಿ ಭರಣಿ ತುಂಬಿದರು. ನಾನೂ ಜೊತೆಗೆ ಹೊರಟೆ.

ದಾಟಿ ಹೋದೆವು. ತೆಂಗಿನ ಮರಗಳು, ನಾಲ್ಕಾರು ಮನೆಗಳು, ಸುತ್ತ ಒಂದು ಮಣ್ಣು ದಾರಿ. ಫ್ಲಾಸ್ಕಿನಿಂದ ಬಗ್ಗಿಸಿದ ಚಹಾ ಆರುವ ಮೊದಲೇ ದ್ವೀಪ ಮುಗಿಯಿತು. ಮಾವ ಗಾಡಿ ತಿರುಗಿಸಿದರು.

"ಮತ್ತೆ ಎಲ್ಲಿಗೆ ಮಾವ?"

"ಆಗ ಹೊಳೆ ನಿನ್ನ ಬದಿಗೆ ಇತ್ತಲ್ಲ, ಈಗ ನನ್ನ ಬದಿಗೆ ಬರ್ತದೆ ಮಾರಾಯ."

ರಾತ್ರಿ ಗಾಡಿಯಲ್ಲೇ ಕಳೆದು ಮರುದಿನ ಬೆಳಿಗ್ಗೆ ನೋಡುವಾಗ ನಾವು ಹೊಳೆ ದಾಟಿ ಬಂದ ದಾರಿ ಇರಲಿಲ್ಲ. ನಮ್ಮ ತಲೆ ಮೇಲೆ ಒಂದು ಹನಿ ಬಿದ್ದಿರಲಿಲ್ಲ, ಆದರೆ ಘಟ್ಟದಲ್ಲಿ ಮಳೆ ಹೊಡೆದು ಹೊಳೆ ಕೆಂಪಾಗಿ ಉಬ್ಬಿ ಹರಿಯುತ್ತಿತ್ತು. ಕುದ್ರುವಿನಲ್ಲೇ ವಾಸವಿದ್ದ, ದೋಣಿ ನಡೆಸುವ ಅದ್ದು ಬ್ಯಾರಿ ಬಂದು ನೀರು ನೋಡಿದರು, ಮೆಟಡೋರ್ ನೋಡಿದರು, ಅದರ ಮೇಲಿನ ಅಕ್ಷರ ಓದಿ "ಬನ್ ಉಂಟಾ?" ಎಂದು ಕೇಳಿದರು. ಇಲ್ಲವೆಂದು ತಿಳಿದ ಮೇಲೆ, "ಹಾಗಾದ್ರೆ ಗಾಡಿಯನ್ನು ದಿಬ್ಬದ ಮೇಲೆ ಇಡಿ. ಅಲ್ಲಿಗೆ ನೀರು ಬರುದಿಲ್ಲ. ಇನ್ನು ಅದು ಆಚೆ ಹೋಗುದು ದೀಪಾವಳಿ ಕಳೆದೇ" ಎಂದರು.

ಮಾವ ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸಿದ್ಧಾಂತವಿಲ್ಲದ ಮಾವನನ್ನು ನಾನು ಕಂಡದ್ದು ಅದೇ ಮೊದಲು. "ನಿನ್ನನ್ನು ಕೊಂಡು ಬಂದು ಇಲ್ಲಿ ಹಾಕಿದೆನಲ್ಲ ಮಾರಾಯ್ತಿ" ಎಂದರು ಅತ್ತೆಗೆ, ಸಣ್ಣ ಸ್ವರದಲ್ಲಿ.

ದೋಣಿ ಬಂತು. ನಾನು ಹತ್ತಿದೆ. ಅತ್ತೆ ಹತ್ತಲಿಲ್ಲ.

"ಆಚೆಯಿಂದ ಯಾರಿಗೂ ಇಲ್ಲಿಗೆ ಬರ್ಲಿಕ್ಕೆ ಆಗುದಿಲ್ವಾ ಬ್ಯಾರಿಗಳೇ?" ಎಂದು ಕೇಳಿದರು.

"ನಾನು ಕರ್ಕೊಂಡು ಬಂದ್ರೆ ಉಂಟು ಅಕ್ಕ. ದೋಣಿ ನನ್ನದೊಂದೇ."

"ಹಾಗಾದ್ರೆ ಸ್ವಲ್ಪ ದಿನ ಯಾರನ್ನೂ ತರ್ಬೇಡಿ."

ನಾವು ಮೂವರು ಗಂಡಸರೂ ಅವರ ಮುಖ ನೋಡಿದೆವು. ಅತ್ತೆ ಹೊಳೆ ನೋಡುತ್ತಾ ಹೇಳಿದರು, "ಇವರು ರಜೆಯಲ್ಲಿ ಬಂದಾಗೆಲ್ಲ ಮನೆ ತುಂಬ ಜನ. ವೀಸಾ ಕೇಳುವವರು, ಸೆಂಟು ಕೇಳುವವರು. ಜನ ಕರಗುವಾಗ ರಜೆಯೂ ಮುಗಿಯುತ್ತಿತ್ತು. ನಾನು ಇವರ ಸ್ವರವನ್ನು ಅಡಿಗೆಮನೆಯಿಂದ ಕೇಳಿದ್ದೇ ಹೆಚ್ಚು. ಈಗ ಊರಲ್ಲೇ ಇದ್ದಾರೆ, ಆದ್ರೂ ಜನ ಕಡಿಮೆ ಆಗಲಿಲ್ಲ."

ಮಾವ ದೋಣಿಯಲ್ಲಿ ಇಟ್ಟಿದ್ದ ಅಕ್ಕಿಚೀಲವನ್ನು ತಾವೇ ಇಳಿಸಿಕೊಂಡರು.

ನಾನೊಬ್ಬನೇ ಹೊರಟೆ. ಅರ್ಧ ಹೊಳೆ ದಾಟಿದಾಗ ಕುದ್ರುವಿನ ಮೇಲೆ ಮೆಟಡೋರ್ ಕೆಮ್ಮಿತು, ಮುಂದಕ್ಕೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು. ಮಾವ ಹಾಗೆ ಓಡಿಸುವವರಲ್ಲ. ಕಣ್ಣು ಕಿರಿದು ಮಾಡಿ ನೋಡಿದೆ. ಸ್ಟೇರಿಂಗ್ ಹಿಡಿದು ಕುಳಿತವರು ಅತ್ತೆ. ಪಕ್ಕದಲ್ಲಿ ಮಾವ ವಾಲಿಕೊಂಡು, ಗೇರಿನ ಮೇಲಿದ್ದ ಅತ್ತೆಯ ಕೈಯ ಮೇಲೆ ತಮ್ಮ ಕೈ ಇಟ್ಟಿದ್ದರು.

ಗಾಡಿ ತೆಂಗಿನ ಮರಗಳ ಹಿಂದೆ ಮರೆಯಾಯಿತು. ದೋಣಿ ದಡ ಮುಟ್ಟಿದರೂ ಬ್ಯಾರಿ ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ಗಾಡಿ ಕುದ್ರು ಸುತ್ತಿ ಇನ್ನೊಂದು ಬದಿಯಿಂದ ಹೊರಗೆ ಬರುವವರೆಗೂ ಇಬ್ಬರೂ ಕಾದು ಕುಳಿತೆವು.