ಎರಡನೆಯ ಸಲ ಕೇಳದ ಮನೆ

ಬೇಕಾದುದಕ್ಕೆಲ್ಲ ಮೊದಲು ಬೇಡ ಎನ್ನುವುದು ನನ್ನ ಹಳೆಯ ರೋಗ, ಮಕ್ಕಳೇ. ಹುಕ್ಕೇರಿ ಕಡೆಯ ನನ್ನ ತವರಿನಲ್ಲಿ ಹೋಳಿಗೆ ಬಡಿಸಲು ಬಂದರೆ ತಾಟಿಗೆ ಕೈ ಅಡ್ಡ ಹಿಡಿಯಬೇಕು. ಎರಡನೆಯ ಸಲ ಕೇಳಿದಾಗ ಕೈ ತೆಗೆಯಬೇಕು. ನಿಮ್ಮ ಅಜ್ಜ ಒಂದೇ ಸಲ ಕೇಳುವವರು. ಮದುವೆಯಾದ ಹೊಸದರಲ್ಲಿ, "ಮುಂದ ಸಾಲಿ ಕಲಿತೀಯೇನು?" ಎಂದರು. ನಾಚಿಕೊಂಡು ಬೇಡ ಎಂದೆ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು, ನಿಮ್ಮ ಶೈಲಕ್ಕ, ಗೋಕಾಕದ ಕಾಲೇಜಿನಿಂದ ನಮ್ಮೂರು ತುಕ್ಕಾನಟ್ಟಿಗೆ ಬಂದಳು. ಗಾಣದ ಕಬ್ಬಿನ ಸಿಪ್ಪೆಯಿಂದ ಗ್ರಾಫೀನ್ ಎಂಬ ಇಂಗಾಲದ ತೆಳು ಹಾಳೆ ಮಾಡುತ್ತಾಳಂತೆ, ಅದು ಕರೆಂಟನ್ನು ಹಿಡಿದಿಡುತ್ತದಂತೆ. ಮೊದಲು ಸಿಪ್ಪೆ ಇದ್ದಿಲಾಗಬೇಕು. ಮೂರು ಸಲ ಸುಟ್ಟಳು, ಮೂರು ಸಲವೂ ಬೂದಿ. ನನಗೆ ಪಾತ್ರೆ ತಿಕ್ಕಲು ಅನುಕೂಲವಾಯಿತು. ಈ ವರ್ಷ ಹೋದಂತೆಯೇ ಎಂದು ಅವಳು ಕಣ್ಣೀರು ಹಾಕಿದಾಗ, ನಾನು ಸಿಪ್ಪೆಯನ್ನು ಗಡಿಗೆಗೆ ತುರುಕಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿ, ಹೊಗೆ ಹೋಗಲು ಸಣ್ಣ ತೂತು ಬಿಟ್ಟು ಸಗಣಿ ಕುಳ್ಳಿನ ಬೆಂಕಿಯಲ್ಲಿಟ್ಟೆ. ಹಲ್ಲುಪುಡಿಗೆ ಶೇಂಗಾ ಸಿಪ್ಪೆ ಸುಡುತ್ತಿದ್ದುದು ಹಾಗೆಯೇ. ಗಡಿಗೆ ತೆಗೆದರೆ ಕಾಗೆಯಷ್ಟು ಕಪ್ಪು ಇದ್ದಿಲು.

ಅದಕ್ಕೆ ಯೂರಿಯಾ ಬೆರೆಸಿ ಕಾಲೇಜಿನ ಭಟ್ಟಿಯಲ್ಲಿ ಕಾಯಿಸುತ್ತಾರಂತೆ.

"ಇಂಗಾಲದ ಬಲೆಯಾಗಿಂದ ಒಂದು ಕಣಾ ತಗದು, ಆ ಜಾಗಾದಾಗ ಹೊರಗಿಂದ ಬಂದ ಯೂರಿಯಾದ ಸಾರಜನಕ ಕೂಡಸ್ತಾರ ಆಯಿ. ಆಗ ಅದರ ಶಕ್ತಿ ಹೆಚ್ಚಾಗತೈತಿ," ಎಂದಳು ಶೈಲಾ.

"ಸೊಸಿ ತಂದಂಗ," ಎಂದೆ. ಆಮೇಲೆ ಆ ಸಾರಜನಕವನ್ನು ಯಾರಾದರೂ ನೆನೆಯುತ್ತಾರೋ ಎಂದು ಕೇಳಿದೆ. ಆ ಗ್ರಾಫೀನಿನ ಹೆಸರಿನಲ್ಲಿ ಅದನ್ನೇ ಮೊದಲು ಹಾಕುತ್ತಾರೆ ಎಂದಳು. ಯೂರಿಯಾ ಪುಣ್ಯ ಮಾಡಿತ್ತು.

ಈ ಕೆಲಸದ ಪುಸ್ತಕವನ್ನು ಕಾಲೇಜಿಗಾಗಿ ಬರೆದು ಮುಗಿಸುವಾಗ ಶೈಲಾ ಫೋನು ಮಾಡಿ, "ಮೊದಲನೇ ಪುಟದಾಗ ನಿನ್ನ ಹೆಸರ ಹಾಕಲೇನು?" ಎಂದಳು. ಮನಸ್ಸು ಹಾಕು ಎಂದಿತು. ಬಾಯಿ ಮಾತ್ರ ತನ್ನ ರೂಢಿ ಬಿಡಲಿಲ್ಲ. "ನಂದ್ಯಾಕವ್ವ, ನಿಮ್ಮಜ್ಜಂದ ಹಾಕು," ಎಂದೆ. ಎರಡನೆಯ ಸಲ ಕೇಳುತ್ತಾಳೆಂದು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತೆ. ಅವಳು ಹೂಂ ಎಂದು ಇಟ್ಟುಬಿಟ್ಟಳು.

ಮೂಡಲಗಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟಿಸಿ ತಂದಳು. ಮೊದಲ ಪುಟದಲ್ಲಿ ನಿಮ್ಮ ಅಜ್ಜನ ಹೆಸರು, ಇದ್ದಿಲು ಮಾಡುವುದನ್ನು ಕಲಿಸಿದವರೆಂದು. ಆ ಪುಣ್ಯಾತ್ಮರು ಬದುಕಿದ್ದಷ್ಟು ದಿನ ಒಲೆಯ ಕಡೆ ನೋಡಿದ್ದು ಚಹಾ ತಡವಾದಾಗ ಮಾತ್ರ.

"ಚಲೋ ಆಗೈತಿ," ಎಂದೆ.

"ಒಂದು ಪ್ರತಿ ನೀ ಇಟಗೋತೀಯೇನ್ ಆಯಿ?"

"ನನಗ್ಯಾಕವ್ವ, ಬ್ಯಾಡ," ಎಂದೆ.

ಪುಸ್ತಕವನ್ನು ಚೀಲಕ್ಕೆ ಹಾಕಿ ಸರಕ್ಕನೆ ಜಿಪ್ಪು ಎಳೆದಳು. ಅವಳು ನಿಮ್ಮ ಅಜ್ಜನ ಮೊಮ್ಮಗಳೇ, ಅನುಮಾನವಿಲ್ಲ.